ಹಲಗೆಯೂ ಸಿಂಹಾಸನವೂ

ಯಲ್ಲಾಪುರ ತಾಲೂಕಿನ ವಜ್ರಳ್ಳಿಯ ಸುತ್ತಣ ಅಡಕೆ ತೋಟಗಳ ಹಳೆಯ ಮನೆಗಳಲ್ಲಿ ಮರದ ಸಾಮಾನುಗಳ ಪಟ್ಟಿ ಬಹಳ ಚಿಕ್ಕದು. ಊಟಕ್ಕೆ ಕೂರಲು ಮಣೆಗಳು, ಕಾಗದಪತ್ರಗಳಿಗೊಂದು ಪೆಟ್ಟಿಗೆ, ಹಿರಿಯರಿಗೊಂದು ಮಂಚ, ಕೂಸಿಗೊಂದು ತೊಟ್ಟಿಲು, ಅಡಕೆ ಸುಲಿಯುವ ಕಾಲಕ್ಕೆ ಮೆಟ್ಟುಗತ್ತಿಯನ್ನು ನಿಲ್ಲಿಸುವ ಹಲಗೆಗಳು. ಇವುಗಳಲ್ಲಿ ಬಳ್ಳಿಯಿಲ್ಲ, ಹೂವಿಲ್ಲ, ಮೆರುಗಿಲ್ಲ. ಹಿತ್ತಲಿನಲ್ಲಿ ಗಾಳಿಗೆ ಬಿದ್ದ ಹಲಸನ್ನೋ ಕಾಯಿ ಬಿಡುವುದು ನಿಂತ ಮುದಿಮರವನ್ನೋ ಕೊಯ್ಯಿಸಿ, ಅಟ್ಟದ ಮೇಲೆ ಎರಡು ಬೇಸಗೆ ಒಣಗಿಸಿ, ಆಮೇಲೆ ಆಚಾರಿಗಳಿಗೆ ಹೇಳಿ ಕಳುಹಿಸುವುದು ಪದ್ಧತಿಯಾಗಿತ್ತು. ಅವರು ಉಳಿ, ಬಾಚಿ, ಕೊಡತಿ, ಬೈರಿಗೆಗಳ ಚೀಲದೊಡನೆ ಬಂದು, ಜಗಲಿಯಲ್ಲಿ ಕುಳಿತು, ಆ ಮನೆಯಲ್ಲಿಯೇ ಉಂಡು, ಆ ಮನೆಯವರ ಮೈಯಳತೆಗೆ ತಕ್ಕ ಸಾಮಾನನ್ನು ಮಾಡಿಕೊಟ್ಟು ಹೋಗುತ್ತಿದ್ದರು. ಮೊಳೆಯ ಬಳಕೆ ಅಪರೂಪ. ಒಂದು ತುಂಡಿನ ತುದಿಯನ್ನು ಕೆತ್ತಿ ಇನ್ನೊಂದರ ರಂಧ್ರಕ್ಕೆ ಕೂಡಿಸಿ ಮರದ ಗೂಟ ಬಡಿದರೆ ಮುಗಿಯಿತು. ಸಡಿಲವಾದರೆ ಗೂಟ ಬದಲಿಸಿದರಾಯಿತು.

ಸಿರಸಿ, ಸಿದ್ದಾಪುರ, ಯಲ್ಲಾಪುರಗಳ ಈ ಸೀಮೆ ಸ್ವಾದಿಯ ಜೈನ ಮಠದ ನೆಲೆಯೂ ಹೌದು. ತೋಟದ ಒಡೆಯನ ಕುಲ ಯಾವುದೇ ಇರಲಿ, ಶ್ರಾವಕನ ಮನೆ ಊರ ಯಾವ ಮೂಲೆಯಲ್ಲೇ ಇರಲಿ, ಬಡಗಿ ಎಲ್ಲರಿಗೂ ಒಬ್ಬರೇ. ಮಣೆಯ ರೂಪವೂ ಒಂದೇ. ಇಂದು ಆ ಮಣೆ ಎಲ್ಲಿದೆ ಎಂದು ವಿಚಾರಿಸಿದರೆ ಎರಡೇ ಉತ್ತರಗಳು ದೊರೆಯುತ್ತವೆ: ಬಚ್ಚಲ ಒಲೆಗೆ ಹೋಯಿತು, ಇಲ್ಲವೇ ಹಳೆಯ ಸಾಮಾನು ಕೊಳ್ಳುವವನು ಒಯ್ದನು. ಅದರ ಸ್ಥಾನದಲ್ಲಿ ಬಂದಿರುವುದು ಎರಡು ಬಗೆಯ ವಸ್ತುಗಳು. ಮನೆಗಳಲ್ಲಿ ಪ್ಲಾಸ್ಟಿಕ್ಕಿನ ಕುರ್ಚಿ ಮತ್ತು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಕಪಾಟು. ಬಸದಿಯ ಸಭಾಮಂಟಪಗಳಲ್ಲಿ ಮತ್ತು ಟ್ರಸ್ಟುಗಳ ಕಚೇರಿಗಳಲ್ಲಿ ಸಿಂಹದ ತಲೆಯ ಕೈಪಿಡಿ, ಬಂಗಾರದ ಬಣ್ಣದ ಬೆನ್ನು, ಕೆಂಪು ಮಖಮಲ್ಲಿನ ಹಾಸುಗಳುಳ್ಳ ಆಸನಗಳು. ಮೊದಲನೆಯದನ್ನು ಅಹಿಂಸೆಯ ಹೆಸರಿನಲ್ಲಿಯೂ ಎರಡನೆಯದನ್ನು ಧರ್ಮಪ್ರಭಾವನೆಯ ಹೆಸರಿನಲ್ಲಿಯೂ ಸಮರ್ಥಿಸುವವರುಂಟು. ಈ ಎರಡು ಸಮರ್ಥನೆಗಳೂ ವಿಚಾರದ ಮುಂದೆ ನಿಲ್ಲತಕ್ಕವಲ್ಲ.

ಮೊದಲನೆಯ ವಾದ ಇಂತಿದೆ: ಮರವು ಏಕೇಂದ್ರಿಯ ಜೀವ, ಅದನ್ನು ಕಡಿಯುವುದು ಹಿಂಸೆ, ಕಾಡು ಕಡಿದು ಬದುಕುವ ವನಜೀವಿಕೆಯನ್ನು ಆಶಾಧರ ಪಂಡಿತನ ಸಾಗಾರಧರ್ಮಾಮೃತವು ಶ್ರಾವಕನು ಬಿಡತಕ್ಕ ಹದಿನೈದು ಖರಕರ್ಮಗಳಲ್ಲಿ ಎಣಿಸಿದೆ, ಆದ್ದರಿಂದ ಮರದ ಸಾಮಾನಿಗಿಂತ ಪ್ಲಾಸ್ಟಿಕ್ಕಿನದು ಮೇಲು. ಇದನ್ನು ಹೇಳುವವರು ಅದೇ ಹದಿನೈದರಲ್ಲಿ ಲಾಕ್ಷಾವಾಣಿಜ್ಯ, ಅಂದರೆ ಅರಗಿನ ವ್ಯಾಪಾರವೂ ಇದೆ ಎಂಬುದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ಪೇಟೆಯ ಮರದ ಸಾಮಾನಿಗೆ ಕನ್ನಡಿಯಂಥ ಹೊಳಪು ಕೊಡುವ ‘ಫ್ರೆಂಚ್ ಪಾಲಿಶ್’ ಎಂಬುದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಅರಗೋ, ಮುತ್ತುಗ ಮೊದಲಾದ ಮರಗಳ ರೆಂಬೆಗಳನ್ನು ಮುತ್ತಿದ ಕೀಟಗಳ ಮೈಯಿಂದ ಸ್ರವಿಸುವ ವಸ್ತು. ರೆಂಬೆಯಿಂದ ಅದನ್ನು ಕೆರೆದು ತೊಳೆದು ಕಾಯಿಸುವಾಗ ಅಳಿಯುವ ಕೀಟಗಳನ್ನು ಎಣಿಸಹೊರಟರೆ ಒಂದೇ ಸೇರು ಅರಗಿಗೆ ಸಾವಿರಗಳು ಸಾಲವು. ಮರ ಸ್ಥಾವರ; ಕೀಟ ತ್ರಸ. ಗೃಹಸ್ಥನ ಅಹಿಂಸಾಣುವ್ರತ ಮೊದಲು ಬಿಡಿಸುವುದು ತ್ರಸಹಿಂಸೆಯನ್ನು. ಹಾಗಿದ್ದ ಮೇಲೆ ಮಣೆಯಲ್ಲಿ ಪಾಪ ಕಂಡು ಮೆರುಗಿನಲ್ಲಿ ಪಾಪ ಕಾಣದ ಕಣ್ಣನ್ನು ಏನೆನ್ನಬೇಕು? ಅಂಟಿನ ವಿಷಯವೂ ಇದೇ. ಹಿಂದಿನ ಮರಗೆಲಸದಲ್ಲಿ ಬಳಸುತ್ತಿದ್ದ ಸರೇಸು ಪ್ರಾಣಿಗಳ ಚರ್ಮ ಮತ್ತು ಮೂಳೆಗಳನ್ನು ಕುದಿಸಿ ಮಾಡಿದ್ದು. ಗೂಟದ ಜೋಡಣೆಯ ಹಲಗೆಗೆ ಅದು ಬೇಕಾಗಿರಲಿಲ್ಲ.

ಮರದ ಪುಡಿಯ ಹಲಗೆಗಳ ಗುಣವನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಎರಡು ಮಳೆಗಾಲಗಳಲ್ಲಿ ಅಂಚು ಉಬ್ಬಿ, ಮೇಲಿನ ಹೊದಿಕೆ ಬಿಚ್ಚಿ, ಒಳಗೆ ಗೆದ್ದಲು ಸೇರುತ್ತದೆ. ಆಗ ಮನೆಯೊಡೆಯನು ಮಾಡುವುದೇನು? ವಿಷ ತಂದು ಸಿಂಪಡಿಸುತ್ತಾನೆ. ಚೆನ್ನಾಗಿ ಒಣಗಿದ ಹಲಸಿನ ಚೇಗನ್ನು ಗೆದ್ದಲು ಸುಲಭವಾಗಿ ಮುಟ್ಟದು. ಹಸಿಮರವನ್ನೂ ಹೊರಭಾಗದ ಬಿಳಿಮರವನ್ನೂ ಅದು ಬಿಡದು. ಆದ್ದರಿಂದ ಎರಡು ಬೇಸಗೆ ಕಾಯುವ, ಬಿಳಿಮರವನ್ನು ಬಾಚಿಯಿಂದ ಸವರಿ ತೆಗೆಯುವ ಬಡಗಿಯ ತಾಳ್ಮೆಯು ಮುಂದಿನ ಐವತ್ತು ವರ್ಷಗಳ ಕೀಟಹಿಂಸೆಯನ್ನು ತಪ್ಪಿಸುತ್ತದೆ. ಪುಡಿಯನ್ನು ಬಂಧಿಸುವ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಪ್ಲಾಸ್ಟಿಕ್ಕಿನ ಕುರ್ಚಿಯ ಕಾಲು ಮುರಿದರೆ ಅದನ್ನು ಸರಿಪಡಿಸುವ ಕೈ ಯಾವ ಊರಿನಲ್ಲಿಯೂ ಇಲ್ಲ. ಅದು ಹಿತ್ತಲಿನಲ್ಲಿ ಸುಟ್ಟು ಹೊಗೆಯಾಗುತ್ತದೆ. (ಉಕ್ಕಿನ ಕಪಾಟಿನ ಮಾತು ಬೇರೆ. ಅದು ಮೂರು ತಲೆಮಾರು ಬಾಳುತ್ತದೆ. ಅದರ ಮೇಲೆ ಇಲ್ಲಿ ಆಕ್ಷೇಪವಿಲ್ಲ.)

ಶಾಸ್ತ್ರವು ಗೃಹಸ್ಥನಿಗೆ ಮರವನ್ನು ಮುಟ್ಟಲೇಬೇಡವೆಂದು ಹೇಳಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ನಿಷ್ಪ್ರಯೋಜನವಾಗಿ ನೆಲವನ್ನಗೆಯುವುದು, ನೀರು ಚೆಲ್ಲುವುದು, ಬೆಂಕಿಯಿಡುವುದು ಮೊದಲಾದವುಗಳ ಜೊತೆಗೆ ನಿಷ್ಪ್ರಯೋಜನವಾದ ವನಸ್ಪತಿಚ್ಛೇದವನ್ನೂ ಪ್ರಮಾದಚರ್ಯೆಯಲ್ಲಿ ಸೇರಿಸಿದ್ದಾರೆ. ತೂಕವಿರುವುದು ಪ್ರಯೋಜನದ ಮೇಲೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ವೃಷಭನಾಥನು ಪ್ರಜೆಗಳಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವೂ ಇದೆ. ಕೈಕೆಲಸವನ್ನು ಆದಿತೀರ್ಥಂಕರನೇ ಕಲಿಸಿದನೆಂದು ನಂಬುವ ಸಮಾಜ, ಕೈಕೆಲಸದವನನ್ನು ಹಿಂಸಾಜೀವಿಯೆಂದು ಹಳಿದು ಕಾರ್ಖಾನೆಯ ಮಾಲನ್ನು ಅಹಿಂಸಾತ್ಮಕವೆಂದು ಕೊಳ್ಳುವುದು ವಿಪರ್ಯಾಸ. ಸ್ವತಃ ಮಾಡಿದುದು, ಮಾಡಿಸಿದುದು, ಮಾಡಿದ್ದನ್ನು ಮೆಚ್ಚಿದುದು, ಈ ಮೂರೂ ಕರ್ಮಬಂಧಕ್ಕೆ ಕಾರಣಗಳೆಂಬ ಕೃತ-ಕಾರಿತ-ಅನುಮೋದನೆಯ ತತ್ತ್ವ ಪಾಠಶಾಲೆಯ ಮಕ್ಕಳಿಗೂ ಗೊತ್ತು. ಕೊಡಲಿ ಹಿಡಿದವನದು ಕೃತ. ಆದೇಶ ಕೊಟ್ಟವನದು ಕಾರಿತ. ಉದ್ಘಾಟನೆಯ ದಿನ ಆ ಆಸನದ ಸೊಬಗನ್ನು ಕೊಂಡಾಡುವ ಸಭೆಯದು ಅನುಮೋದನೆ. ಬಡಗಿಗೆ ಬಡತನ ಕಾರಣ. ಟ್ರಸ್ಟಿಗೆ ಯಾವುದು ಕಾರಣ?

ಎರಡನೆಯ ವಾದಕ್ಕೆ ಬರುವುದಕ್ಕೆ ಮುನ್ನ ಬಹುದೂರದ ಒಂದು ಸಮುದಾಯದ ಪ್ರಸಂಗವನ್ನು ನೋಡಬೇಕಾಗಿದೆ. ಅದರ ಕುರ್ಚಿಗಳು ಇಂದು ಲೋಕಪ್ರಸಿದ್ಧವಾಗಿವೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಕಮ್ಮಾರನೊಬ್ಬನ ಮಗಳಾದ ಆನ್ ಲೀ ಎಂಬಾಕೆ 1774ರಲ್ಲಿ ಕೆಲವೇ ಅನುಯಾಯಿಗಳೊಡನೆ ಅಮೆರಿಕಕ್ಕೆ ಬಂದಳು. ಪ್ರಾರ್ಥನೆಯಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದುದರಿಂದ ಆ ಪಂಥದವರಿಗೆ ‘ಶೇಕರ್’ ಎಂಬ ಹೆಸರಾಯಿತು. ಬ್ರಹ್ಮಚರ್ಯ, ಸ್ವಂತ ಆಸ್ತಿಯ ತ್ಯಾಗ, ಸ್ತ್ರೀಪುರುಷರ ಸಮಾನತೆ, ಯುದ್ಧಕ್ಕೆ ಹೋಗದಿರುವುದು, ಇವು ಅವರ ನಿಯಮಗಳು. ಅವರ ದೇವರ ಕಲ್ಪನೆಗೂ ಜಿನಧರ್ಮಕ್ಕೂ ಸಂಬಂಧವಿಲ್ಲ. ಆದರೆ ವಸ್ತುಗಳ ವಿಷಯದಲ್ಲಿ ಅವರು ಬರೆದಿಟ್ಟ ಕಟ್ಟಳೆಗಳನ್ನು ಓದಿದರೆ ಪರಿಗ್ರಹ ಪರಿಮಾಣ ವ್ರತದ ಟಿಪ್ಪಣಿಯಂತೆ ತೋರುತ್ತದೆ. 1845ರ ಕಟ್ಟಳೆಯಂತೆ, ಕೇವಲ ಚೆಂದಕ್ಕಾಗಿ ಇರುವ ಅಂಚುಪಟ್ಟಿ, ಕಟ್ಟುಗಳನ್ನು ಮಾಡಕೂಡದು. ಮಲಗುವ ಕೋಣೆಗೆ ಒಂದೇ ಕನ್ನಡಿ. ಅದೂ ಹದಿನೆಂಟು ಅಂಗುಲ ಉದ್ದ, ಹನ್ನೆರಡು ಅಂಗುಲ ಅಗಲವನ್ನು ಮೀರಬಾರದು. ತೂಗುವ ಕುರ್ಚಿ ಕೋಣೆಗೆ ಒಂದು ಸಾಕು. ವೃದ್ಧರಿರುವಲ್ಲಿ ಮಾತ್ರ ಹೆಚ್ಚಿಗೆ ಇರಬಹುದು. ಅಂಗುಲದ ಲೆಕ್ಕದಲ್ಲಿ ಮಿತಿ ಹಾಕಿಕೊಂಡ ಈ ಜನ ಮೇಪಲ್, ಪೈನ್, ಚೆರಿ ಮರಗಳಿಂದ ಮಾಡಿದ ಕುರ್ಚಿಗಳು ಹಗುರ. ಗೋಡೆಯುದ್ದಕ್ಕೆ ಹಚ್ಚಿದ ಮರದ ಗೂಟಗಳಿಗೆ ಅವನ್ನು ತೂಗುಹಾಕಿ ನೆಲ ಗುಡಿಸುತ್ತಿದ್ದರು. ಕೂರುವಲ್ಲಿ ಧೂಳು ಕೂಡದಿರಲೆಂದು ಕೆಲವೆಡೆ ತಲೆಕೆಳಗಾಗಿ ತೂಗುಹಾಕುತ್ತಿದ್ದುದೂ ಉಂಟು.

ಅವರು ಯಂತ್ರದ್ವೇಷಿಗಳಾಗಿದ್ದರೆಂದು ಭಾವಿಸುವುದು ತಪ್ಪು. ನೀರಿನ ಬಲದಿಂದ ತಿರುಗುವ ಗರಗಸಗಳನ್ನು ಇಟ್ಟುಕೊಂಡಿದ್ದರು. ನ್ಯೂಯಾರ್ಕ್ ಪ್ರಾಂತದ ಮೌಂಟ್ ಲೆಬನಾನಿನ ತಮ್ಮ ಕಾರ್ಖಾನೆಯಿಂದ ಸೊನ್ನೆಯಿಂದ ಏಳರವರೆಗೆ ಅಳತೆಯ ಅಂಕೆ ಹಾಕಿ ಕುರ್ಚಿಗಳನ್ನು ಮಾರುತ್ತಿದ್ದರು. 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೂ ಅವು ಹೋಗಿದ್ದವು. ಮುಖ್ಯವಾದುದು ಬೇರೆಯೇ ಇದೆ. ಕೂರುವವನೂ ಮಾಡುವವನೂ ಒಂದೇ ಮನೆಯವರು. ಕೆಲಸವನ್ನು ಕೀಳೆಂದು ಬಗೆದು ಅದರ ಫಲವನ್ನು ಮೇಲೆಂದು ಬಗೆಯುವ ಸೌಕರ್ಯ ಅಲ್ಲಿರಲಿಲ್ಲ.

ಈ ಕಥೆಗೆ ಕಹಿಯಾದ ಉತ್ತರಾರ್ಧವೊಂದಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸಾವಿರಾರು ಜನರಿದ್ದ ಆ ಪಂಥ ಕ್ಷೀಣಿಸುತ್ತ ಬಂತು. ಮೇನ್ ಪ್ರಾಂತದ ಸಬ್ಬತ್‌ಡೇ ಲೇಕಿನ ನೆಲೆಯಲ್ಲಿ 2017ರ ಜನವರಿಯಲ್ಲಿ ಸಿಸ್ಟರ್ ಫ್ರಾನ್ಸಿಸ್ ಕಾರ್ ತೀರಿಕೊಂಡಾಗ ಉಳಿದವರು ಇಬ್ಬರೇ. ಮಾಡುವವರು ಕಡಿಮೆಯಾದಂತೆ ಮಾಡಿದ ವಸ್ತುವಿನ ಬೆಲೆ ಏರಿತು. 1990ರಲ್ಲಿ ಶೇಕರ್ ಕೆಲಸದ ಮೇಜೊಂದನ್ನು ಅಮೆರಿಕದ ದೂರದರ್ಶನದ ಪ್ರಖ್ಯಾತೆ ಓಪ್ರಾ ವಿನ್‌ಫ್ರೇ ಹರಾಜಿನಲ್ಲಿ 2,20,000 ಡಾಲರುಗಳಿಗೆ ಕೊಂಡರು. ಅದೇ ವರ್ಷ ತೀರಿಕೊಂಡ ಸಿಸ್ಟರ್ ಮಿಲ್‌ಡ್ರೆಡ್ ಬಾರ್ಕರ್, ಲೋಕವು ತಮ್ಮನ್ನು ಬರಿಯ ಕುರ್ಚಿಯಾಗಿ ನೆನೆಯುವುದು ಬೇಡವೆಂದು ಹೇಳುತ್ತಿದ್ದರಂತೆ. ಸರಳತೆಯೇ ಸಿರಿವಂತರ ಸಂಗ್ರಹದ ವಸ್ತುವಾದರೆ ಅದೂ ಪರಿಗ್ರಹವೇ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿಡದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಇಟ್ಟಿದ್ದರ ಔಚಿತ್ಯ ಇಲ್ಲಿ ಕಾಣುತ್ತದೆ. ವಜ್ರಳ್ಳಿ ಸೀಮೆಯಿಂದ ಹಳೆಯ ಪೆಟ್ಟಿಗೆಗಳನ್ನು ಕೊಂಡೊಯ್ದು ನಗರದ ಬಂಗಲೆಗಳ ನಡುಮನೆಯಲ್ಲಿ ಅಲಂಕಾರಕ್ಕಿಡುವವರಿಗೂ ಈ ಮಾತು ಸಲ್ಲುತ್ತದೆ. ಪೆಟ್ಟಿಗೆಯನ್ನು ಉಳಿಸಿದೆವೆಂದು ಅವರು ಹೇಳಬಹುದು. ಪೆಟ್ಟಿಗೆ ಮಾಡುವವರಿಗೆ ಅವರು ಎಷ್ಟು ಆದೇಶ ಕೊಟ್ಟರು?

ಇನ್ನು ಪ್ರಭಾವನೆಯ ವಾದ. ಧರ್ಮದ ಘನತೆ ಜನರ ಕಣ್ಣಿಗೆ ಬೀಳಬೇಕಾದರೆ ವೈಭವ ಬೇಕು. ಮೂಡಬಿದಿರೆಯ ಸಾವಿರ ಕಂಬದ ಬಸದಿ, ಅಲ್ಲಿಯ ಚೌಟರ ಅರಮನೆಯ ಕೆತ್ತನೆಯ ಕಂಬಗಳು ಜೈನರವೇ ಅಲ್ಲವೇ, ಎಂದು ಕೇಳುವವರಿಗೆ ಹೌದೆಂದೇ ಹೇಳಬೇಕು. 1430ರ ಆ ಬಸದಿಯ ಮೇಲಂತಸ್ತು ಮರದ್ದು. ಚೌಟರ ಕಂಬದ ನವನಾರೀಕುಂಜರ ನಾಡಿನ ಮರಗೆತ್ತನೆಯ ಶ್ರೇಷ್ಠ ಮಾದರಿಗಳಲ್ಲೊಂದು. ಸಿರಸಿ, ಸಿದ್ದಾಪುರ, ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆಯ ಮುಂದೆ ತಲೆಬಾಗದವರು ವಿರಳ. ಇಲ್ಲಿ ಆಕ್ಷೇಪವಿರುವುದು ಕಲೆಯ ಮೇಲಲ್ಲ. ಈಗ ಟ್ರಸ್ಟುಗಳಿಗೆ ಬರುತ್ತಿರುವ ಆಸನದ ಮೇಲಿನ ಬಳ್ಳಿಯನ್ನು ಗುಡಿಗಾರರು ಕೆತ್ತಿಲ್ಲ. ಕಂಪ್ಯೂಟರಿನ ಯಂತ್ರ ಕೊರೆದು ಅಂಟಿಸಿದೆ. ಅದರಲ್ಲಿ ಕಲಾವಿದನೂ ಇಲ್ಲ, ಬಡಗಿಯೂ ಇಲ್ಲ. ಪಟ್ಟಿಯಲ್ಲಿ ನೋಡಿ ಆರಿಸಿ ಲಾರಿಯಲ್ಲಿ ತರಿಸಿದ ಹೊಳಪೊಂದೇ ಇದೆ.

ಆ ಆಸನದಲ್ಲಿ ಕೂರುವವರಾದರೂ ಯಾರು? ಭಟ್ಟಾರಕ ಪೀಠಗಳ ಸಿಂಹಾಸನದ ಸಂಪ್ರದಾಯ ಬೇರೆ; ಅದು ಪೀಠದ ಲಾಂಛನ, ಅದರ ಚರ್ಚೆ ಇಲ್ಲಿ ಬೇಡ. ಆದರೆ ದಿಗಂಬರ ಮುನಿಗೆ ಹೇಳಿದ ಶಯನಾಸನಗಳು ನಾಲ್ಕು: ನೆಲ, ಕಲ್ಲು, ಹಲಗೆ, ಹುಲ್ಲು. ಮರದಿಂದ ಮಾಡಿದ ಸಾಮಾನುಗಳಲ್ಲಿ ಮುನಿಗೆ ಸಲ್ಲುವ ಆಸನವೆಂದರೆ ಬಡಗಿ ಕೀಸಿದ ಆ ಹಲಗೆಯೊಂದೇ. ಬಟ್ಟೆಯನ್ನೂ ತೊರೆದವನಿಗೆ ಉಳಿದ ಪೀಠೋಪಕರಣ ಅಷ್ಟೇ. ಅಂಥವನು ಊರಿಗೆ ಬಂದಾಗ ಹಲಗೆಯ ಸುತ್ತ ಹೊಳೆಯುವ ಚೌಕಟ್ಟು ಕಟ್ಟಿ, ಹಿಂದೆ ಬಂಗಾರದ ಬಣ್ಣದ ಪ್ರಭಾವಳಿ ನಿಲ್ಲಿಸಿ, ಪಕ್ಕದಲ್ಲಿ ಅಧ್ಯಕ್ಷರಿಗೂ ಕೋಶಾಧ್ಯಕ್ಷರಿಗೂ ಮಖಮಲ್ಲಿನ ಕುರ್ಚಿ ಹಾಕುವುದರಿಂದ ಯಾರ ಪ್ರಭಾವನೆಯಾಗುತ್ತದೆ? ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಷಡ್ಲೇಶ್ಯೆಗಳ ಚಿತ್ರವಿದೆ. ಒಂದು ಮರ, ಆರು ಜನ. ಹಣ್ಣಿಗಾಗಿ ಒಬ್ಬನು ಬುಡವನ್ನೇ ಕಡಿಯಹೊರಡುತ್ತಾನೆ, ಒಬ್ಬನು ದೊಡ್ಡ ಕೊಂಬೆಯನ್ನು, ಒಬ್ಬನು ರೆಂಬೆಯನ್ನು. ಕೊನೆಯವನು ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುತ್ತಾನೆ. ಆ ಚಿತ್ರದ ಮುಂದೆ ಕೈಮುಗಿದು ಬಂದವರು ಸಭಾಭವನಕ್ಕೆ ತೇಗದ ಸೋಫಾಗಳನ್ನು ಗೊತ್ತುಮಾಡುವಾಗ ತಾವು ಆರರಲ್ಲಿ ಎಷ್ಟನೆಯವರೆಂದು ಕೇಳಿಕೊಳ್ಳುವುದುಂಟೇ?

ಉತ್ತರ ಕನ್ನಡದಲ್ಲಿ ತೇಗದ ಇತಿಹಾಸ ಸುಖಕರವಾದುದಲ್ಲ. ಬ್ರಿಟಿಷರ ಕಾಲದಿಂದ ಕಾಳಿ ಕಣಿವೆಯ ತೇಗ ಹೊರಗೆ ಸಾಗುತ್ತಲೇ ಇತ್ತು; ಸ್ವಾತಂತ್ರ್ಯಾನಂತರ ಮಿಶ್ರ ಕಾಡನ್ನು ಬೋಳಿಸಿ ತೇಗವೊಂದನ್ನೇ, ಅನಂತರ ನೀಲಗಿರಿಯೊಂದನ್ನೇ ನೆಟ್ಟದ್ದೂ ಆಯಿತು. 1983ರ ಸೆಪ್ಟೆಂಬರ್ 8ರಂದು ಸಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಆ ಅಪ್ಪಿಕೋ ಚಳವಳಿಯ ಘೋಷಣೆ ಮೂರು ಮಾತಿನದು: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತನ್ನು ಮರೆಯುವವರೇ ಹೆಚ್ಚು. ಬಳಸಬೇಡವೆಂದು ಆ ರೈತರು ಹೇಳಲಿಲ್ಲ. ಅವರ ಮನೆಯ ತೊಲೆ, ಕಂಬ, ಮಣೆಗಳೆಲ್ಲ ಮರದವೇ. ಹಿತಮಿತವಾಗಿ ಬಳಸುವವನಿಗೆ ಒಂದು ಕೊಂಬೆಯೂ ಸಿಗದಂತೆ ಮಾಡಿ ಕಾರ್ಖಾನೆಗೆ ಕಾಡನ್ನೇ ಬರೆದುಕೊಡುವ ಕ್ರಮವನ್ನು ಅವರು ವಿರೋಧಿಸಿದರು. 2021ರ ಜುಲೈ ತಿಂಗಳಲ್ಲಿ ವಜ್ರಳ್ಳಿಯ ನೆರೆಯ ಕಳಚೆಯಲ್ಲಿ ಗುಡ್ಡಗಳು ಕುಸಿದು ತೋಟ, ಮನೆ, ರಸ್ತೆಗಳು ಮಣ್ಣುಪಾಲಾದವು. ಕಾರಣಗಳು ಹಲವಿರಬಹುದು, ಆದರೆ ಆ ಸೀಮೆಯವರಿಗೆ ಗುಡ್ಡದ ನೆತ್ತಿಯ ಮರವೆಂಬುದು ವರ್ಣನೆಯ ವಿಷಯವಾಗಿ ಉಳಿದಿಲ್ಲ.

ಕಾಡಿನ ರಕ್ಷಣೆಗಾಗಿ ಬಂದ ನಿರ್ಬಂಧಗಳ ಭಾರ ಮೊದಲು ಬಿದ್ದುದು ಊರ ಬಡಗಿಯ ಮೇಲೆಂಬುದನ್ನೂ ಹೇಳಬೇಕು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ ಕೇಂದ್ರದ ಅನುಮತಿಯಿಲ್ಲದೆ ಅರಣ್ಯದೊಳಗೆ ನಡೆಯುತ್ತಿದ್ದ ಗರಗಸದ ಮಿಲ್ಲುಗಳನ್ನು ನಿಲ್ಲಿಸಿತು. ಅದು ಅವಶ್ಯವಾಗಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಪರವಾನಗಿ, ಸಾಗಾಟದ ರಹದಾರಿ, ಡಿಪೋ ಹರಾಜುಗಳ ದಾರಿಯಲ್ಲಿ ನಡೆಯಲು ದೊಡ್ಡ ವ್ಯಾಪಾರಿಗೆ ಬಂಡವಾಳವಿದೆ. ನಾಲ್ಕು ಹಲಗೆ ಬೇಕಾದ ಆಚಾರಿಗೆ ಇಲ್ಲ. ಅವರ ಮಕ್ಕಳು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಪ್ಲೈವುಡ್ಡಿಗೆ ಹಾಳೆ ಅಂಟಿಸುವ ಕೆಲಸಕ್ಕೆ ಸೇರುತ್ತಾರೆ. ಚೇಗು ಯಾವುದು, ಬಿಳಿಮರ ಯಾವುದು, ಯಾವ ಎಳೆ ಯಾವ ಮಳೆಗೆ ಬಾಗುತ್ತದೆ ಎಂಬ ವಿದ್ಯೆ ಆ ಕೆಲಸಕ್ಕೆ ಬೇಡ.

ಟ್ರಸ್ಟುಗಳಿಗೆ ಇದರಲ್ಲಿ ಮಾಡಬಹುದಾದುದು ಅಲ್ಪವಲ್ಲ. ಊರ ಬಡಗಿಯ ದಿನಗೂಲಿಯಲ್ಲಿ ನೂರು ರೂಪಾಯಿಗೆ ಅರ್ಧ ತಾಸು ಚೌಕಾಸಿ ಮಾಡುವ ಸಮಿತಿ, ಪೇಟೆಯ ಅಂಗಡಿಯ ಚೀಟಿಯಲ್ಲಿರುವ ಬೆಲೆಯನ್ನು ಮರುಮಾತಿಲ್ಲದೆ ಕೊಡುತ್ತದೆ. ಕೂಲಿಯನ್ನು ಹಿಂಡಿ ಉಳಿಸಿದ ಹಣವನ್ನು ದಾನವೆಂದು ಫಲಕದಲ್ಲಿ ಬರೆಸುವುದು ಯಾವ ಶ್ರಾವಕಾಚಾರದಲ್ಲಿದೆ? ಮರದ ಸಾಮಾನು ದುಬಾರಿಯೆಂಬ ಮಾತು ಒಂದು ವರ್ಷದ ಲೆಕ್ಕದಲ್ಲಿ ನಿಜ. ನಲವತ್ತು ವರ್ಷ ಬಾಳುವ ಬೆಂಚಿನ ಪಕ್ಕದಲ್ಲಿ ಐದು ವರ್ಷಕ್ಕೊಮ್ಮೆ ಬದಲಿಸುವ ಕುರ್ಚಿಗಳನ್ನಿಟ್ಟು ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಆ ಲೆಕ್ಕವನ್ನು ಬರೆಯಲು ಸಮಿತಿಗಳ ಅವಧಿ ಮೂರು ವರ್ಷಕ್ಕೆ ಮುಗಿದುಹೋಗುತ್ತದೆ ಎಂಬುದೇ ತೊಡಕು. ಬಸದಿಯೊಂದಕ್ಕೆ ನಿಜವಾಗಿ ಬೇಕಾದುದು ಸ್ವಾಧ್ಯಾಯಕ್ಕೆ ಕೆಲವು ವ್ಯಾಸಪೀಠಗಳು, ಆಹಾರದಾನದ ದಿನಕ್ಕೆ ಮಣೆಗಳು, ಮೊಣಕಾಲು ಬಗ್ಗದ ವೃದ್ಧರಿಗೆ ನಾಲ್ಕಾರು ಬೆಂಚುಗಳು, ಗ್ರಂಥಗಳಿಗೊಂದು ಕಪಾಟು, ಮುನಿಗಳ ವಿಹಾರಕಾಲಕ್ಕೆ ಎರಡು ಹಲಗೆ. ಇಷ್ಟಕ್ಕೂ ಬಸದಿಯ ಹಿತ್ತಲಿನಲ್ಲಿಯೋ ಶ್ರಾವಕರ ತೋಟಗಳಲ್ಲಿಯೋ ಮಳೆಗಾಲದಲ್ಲಿ ಬೀಳುವ ಹಲಸು ಸಾಕು. ಕಾನೂನಿನ ಅನುಮತಿ ಪಡೆದು ಕೊಯ್ಯಿಸಿದರೆ ಕಾಡಿನ ಒಂದು ಗಿಡಕ್ಕೂ ಕೈಹಚ್ಚಬೇಕಾಗಿಲ್ಲ. ಮೆರುಗಿನ ಬದಲು ಅಗಸೆ ಎಣ್ಣೆಯನ್ನು ತೆಳುವಾಗಿ ಎರಡು ಸಲ ಒರಸಿದರೆ ಹಲಗೆಗೆ ಬೇಕಾದ ರಕ್ಷಣೆ ದೊರೆಯುತ್ತದೆ, ಅರಗಿನ ಗೊಡವೆಯೂ ಇಲ್ಲ.

ಈ ಮಳೆಯಲ್ಲಿ ಬಿದ್ದ ಮರವನ್ನು ದೀಪಾವಳಿಯ ಹೊತ್ತಿಗೆ ಕೊಯ್ಯಿಸಿ, ಹಲಗೆಗಳ ನಡುವೆ ಗಾಳಿಯಾಡುವಂತೆ ಕಡ್ಡಿಯಿಟ್ಟು, ಬಿಸಿಲು ತಾಗದ ಅಟ್ಟದಲ್ಲಿ ಪೇರಿಸಬೇಕು. ಅದು ಉಳಿಗೆ ಬರುವುದು ಎರಡನೆಯ ಬೇಸಗೆ ಕಳೆದ ಮೇಲೆ. ಆಚಾರಿಗಳಿಗೆ ಮಾತು ಕೊಟ್ಟು ಮುಂಗಡವನ್ನು ಮುಟ್ಟಿಸುವ ಕೆಲಸ ಮಾತ್ರ ಈ ವರ್ಷದ ಆಯವ್ಯಯದಲ್ಲಿಯೇ ಆಗಬೇಕು. ಇಲ್ಲವಾದರೆ ಹಲಗೆ ಒಣಗುವ ಹೊತ್ತಿಗೆ ಅದನ್ನು ಕೆತ್ತುವವರು ಊರಿನಲ್ಲಿ ಇರುವುದಿಲ್ಲ.